ಕಾರು ಆ ಕಡೆ, ಜನ ಈ ಕಡೆ: ಟೊಂಗರಿರೊ ಕ್ರಾಸಿಂಗ್‌ನ ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದಲ್ಲಿ ಯಾರ ಪ್ರಾಣಕ್ಕೂ ಏನೂ ಆಗ್ಲಿಲ್ಲ, ಹೆಲಿಕಾಪ್ಟರ್ ಹಾರ್ಲಿಲ್ಲ, ಪೇಪರ್‌ನಲ್ಲೂ ಬರ್ಲಿಲ್ಲ. ಅದಕ್ಕೇ ಬರೀತಿದೀನಿ. ದೊಡ್ಡ ಅನಾಹುತ ಆದ್ರೆ ಅದರ ಬಗ್ಗೆ ವರದಿ, ತನಿಖೆ ಎಲ್ಲಾ ಬರುತ್ತೆ, ಹೀಗೆ ಕೂದಲೆಳೆಯಲ್ಲಿ ತಪ್ಪಿಸ್ಕೊಂಡಿದ್ದು ಮಾತ್ರ ಫ್ಯಾಮಿಲಿ ಗ್ರೂಪ್‌ನಲ್ಲಿ ನಾಲ್ಕು ಫೋಟೋ ಬಿದ್ದು "ಸೂಪರ್ ಟ್ರಿಪ್" ಅಂತ ಮುಗಿದುಹೋಗುತ್ತೆ. ಐದೂ ಜನರ ಹತ್ರ ಬೇರೆ ಬೇರೆಯಾಗಿ ಕೂತು ಮಾತಾಡಿ, ಅವರ ಒಪ್ಪಿಗೆ ತಗೊಂಡೇ ಇದನ್ನ ಬರೆದಿರೋದು. ಹೆಸರು, ಊರು, ಆಫೀಸು ಯಾವುದೂ ಇಲ್ಲ, ಸಂಬಂಧದಿಂದಲೇ ಕರೀತೀನಿ: ಭಾವ, ಅಕ್ಕ, ತಮ್ಮ, ತಮ್ಮನ ಹೆಂಡತಿ, ಮತ್ತೆ ತಮ್ಮನ ಆಫೀಸಿನ ಗೆಳೆಯ.

ಹಿನ್ನೆಲೆ

ಜಾಗ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ಬಿಡ್ತೀನಿ. ನ್ಯೂಜಿಲೆಂಡ್‌ನ ಉತ್ತರ ದ್ವೀಪದ ಮಧ್ಯದಲ್ಲಿ ಮೂರು ಜ್ವಾಲಾಮುಖಿ ಸಾಲಾಗಿ ಇವೆ, ರುವಾಪೆಹು 2797 ಮೀಟರ್, ನೌರುಹೊಯಿ 2287, ಟೊಂಗರಿರೊ 1967. ಮೂರೂ ಸತ್ತಿಲ್ಲ, ಮಲಗಿವೆ ಅಷ್ಟೇ. 1887ರಲ್ಲಿ ಅಲ್ಲಿನ ಮಾವೊರಿ ಮುಖ್ಯಸ್ಥ ತೆ ಹೆಯುಹೆಯು ತುಕಿನೊ ಈ ಶಿಖರಗಳನ್ನ ಒಪ್ಪಿಸಿದ್ದರಿಂದ ಆ ದೇಶದ ಮೊದಲನೇ ನ್ಯಾಷನಲ್ ಪಾರ್ಕ್ ಶುರುವಾಯ್ತು, ಆಮೇಲೆ 1990ರಲ್ಲಿ ಪ್ರಕೃತಿಗಾಗಿ, 1993ರಲ್ಲಿ ಸಂಸ್ಕೃತಿಗಾಗಿ, ಎರಡು ಸಲ ಯುನೆಸ್ಕೊ ಪಟ್ಟಿ ಸೇರ್ತು. ನಡೆಯೋ ದಾರಿ ಮಂಗಟೆಪೊಪೊ ಅನ್ನೋ ಕಡೆ 1120 ಮೀಟರ್‌ನಿಂದ ಶುರುವಾಗಿ, ರೆಡ್ ಕ್ರೇಟರ್ (ಕ್ರೇಟರ್ ಅಂದ್ರೆ ಜ್ವಾಲಾಮುಖಿಯ ಕುಳಿ) ಹತ್ರ 1886 ಮೀಟರ್‌ಗೆ ಹತ್ತಿ, ಆ ಕಡೆ ಕೆಟೆಟಾಹಿ ಅನ್ನೋ ಕಡೆ 760 ಮೀಟರ್‌ಗೆ ಇಳಿಯುತ್ತೆ. ಒಟ್ಟು ಸುಮಾರು 20 ಕಿಲೋಮೀಟರ್, ಆರರಿಂದ ಎಂಟು ಗಂಟೆ. ವರ್ಷಕ್ಕೆ ಒಂದು ಲಕ್ಷದ ಮೇಲೆ ಜನ ನಡೀತಾರೆ, ಆಕ್ಲೆಂಡ್, ಹ್ಯಾಮಿಲ್ಟನ್‌ನಲ್ಲಿರೋ ನಮ್ಮವರಿಗಂತೂ ಊರಿಂದ ಯಾರಾದ್ರೂ ಬಂದ್ರೆ ಕರ್ಕೊಂಡು ಹೋಗೋ ಲಿಸ್ಟಲ್ಲಿ ಇದು ಇದ್ದೇ ಇರುತ್ತೆ.

ಮುಂಚೆ ಇದಕ್ಕೆ ಬರೀ ಟೊಂಗರಿರೊ ಕ್ರಾಸಿಂಗ್ ಅಂತ ಹೆಸರಿತ್ತು, ಜನ ಚಪ್ಪಲಿ ಹಾಕ್ಕೊಂಡು ಬಂದು ಚಳೀಲಿ ಸಿಕ್ಕಾಕೊಳ್ತಾರೆ ಅಂತ 2007ರಲ್ಲಿ ಡಿಪಾರ್ಟ್‌ಮೆಂಟ್ ಆಫ್ ಕನ್ಸರ್ವೇಶನ್‌ನವರು ಮಧ್ಯದಲ್ಲಿ "ಆಲ್ಪೈನ್" ಅಂತ ಸೇರಿಸಿದ್ರು. ಹೆಸರು ಬದಲಾದ್ರೂ ಫೋಟೋ ನೋಡಿ ಬರೋರು ಫೋಟೋ ನೋಡೇ ಬರ್ತಾರೆ.

ಇನ್ನೊಂದು ವಿಷಯ ಈ ಕಥೆಗೆ ಮುಖ್ಯ. ಇದು ಹತ್ತಿದ ದಾರೀಲೇ ಇಳಿಯೋ ಬೆಟ್ಟ ಅಲ್ಲ, ಒಂದು ಕಡೆ ಶುರು ಮಾಡಿ ಇನ್ನೊಂದು ಕಡೆ ಮುಗಿಸೋದು. ಬೇಸಿಗೆ ಸೀಸನ್‌ನಲ್ಲಿ ಮಂಗಟೆಪೊಪೊ ಪಾರ್ಕಿಂಗ್‌ನಲ್ಲಿ ನಾಲ್ಕು ಗಂಟೆ ಮಾತ್ರ ಗಾಡಿ ನಿಲ್ಲಿಸಬಹುದು. ಹಾಗಾಗಿ ಜನ ಏನ್ ಮಾಡ್ತಾರೆ ಅಂದ್ರೆ ಕಾರನ್ನ ಮುಗಿಯೋ ಕಡೆ, ಅಂದ್ರೆ ಕೆಟೆಟಾಹಿ ಕಡೆ ಬಿಟ್ಟು, ಶಟಲ್ ಬಸ್ ಹತ್ತಿ ಶುರುವಿಗೆ ಬರ್ತಾರೆ. ಬೆಳಿಗ್ಗೆ ಬಸ್ಸಿನ ಟೈಮ್ ಒಂದೇ ನೋಡ್ಕೊಂಡ್ರೆ ಸಾಕು, ಸಂಜೆ ನಿಧಾನಕ್ಕೆ ಇಳಿದು ಕಾರು ಹತ್ತಬಹುದು, ಆರಾಮ. ಈ ಆರಾಮದಿಂದಲೇ ನಮ್ಮ ಕಥೆ ಶುರುವಾಗೋದು.

ಯಾರು, ಯಾವಾಗ

ಏಪ್ರಿಲ್ ಮಧ್ಯಭಾಗ. ಅಕ್ಕ ಭಾವ ಕರ್ನಾಟಕದಿಂದ ಬಂದಿದ್ರು, ಅಲ್ಲಿ ಬಿರುಬೇಸಿಗೆ, ಇಲ್ಲಿ ಶರತ್ಕಾಲ. ಭಾವನಿಗೆ ಐವತ್ತು ದಾಟಿದೆ, ಒಳ್ಳೆ ಚಾರಣಿಗರು, ಕುಮಾರ ಪರ್ವತ ಎಷ್ಟೋ ಸಲ ಹತ್ತಿದಾರೆ, ಹಿಮಾಲಯದಲ್ಲೂ ನಡೆದಿದಾರೆ. ಅಕ್ಕನಿಗೆ ಮಂಡಿ ಸ್ವಲ್ಪ ತೊಂದರೆ, ಆದ್ರೆ ಛಲ ಜಾಸ್ತಿ. ತಮ್ಮ ಆಕ್ಲೆಂಡ್‌ನಲ್ಲಿ ಕೆಲಸದಲ್ಲಿದ್ದಾನೆ, ಕಾರು ಅವನದ್ದು. ತಮ್ಮನ ಹೆಂಡತಿ ಸಣ್ಣ ಮೈಕಟ್ಟು, ಬೆಟ್ಟ ಗಿಟ್ಟ ಅಷ್ಟು ಹತ್ತಿದವಳಲ್ಲ. ಗೆಳೆಯ ನಮ್ಮ ಮಲೆನಾಡಿನ ಕಡೆಯವನೇ, ನ್ಯೂಜಿಲೆಂಡ್ ಬೆಟ್ಟಗಳಲ್ಲಿ ಚಳಿಗಾಲದಲ್ಲೂ ನಡೆದು ಅಭ್ಯಾಸ ಇದ್ದವನು ಇವನೊಬ್ಬನೇ.

ಭಾವ ಮನೇಲಿ ಮ್ಯಾಪ್ ನೋಡಿ ಒಂದು ಮಾತು ಹೇಳಿದ್ರಂತೆ, "1886 ಮೀಟರಾ? ಮುಳ್ಳಯ್ಯನಗಿರಿಗಿಂತ ಕಮ್ಮಿ ಕಣೋ." ಲೆಕ್ಕ ಸರೀನೇ. ಆದ್ರೆ ಮುಳ್ಳಯ್ಯನಗಿರಿ ಇರೋದು ಸಮಭಾಜಕದಿಂದ 13 ಡಿಗ್ರಿ ದೂರದಲ್ಲಿ, ಟೊಂಗರಿರೊ ಇರೋದು 39 ಡಿಗ್ರಿ ದೂರದಲ್ಲಿ, ಪಶ್ಚಿಮದ ಸಮುದ್ರದಿಂದ ಬರೋ ಗಾಳಿಗೆ ಎದೆ ಕೊಟ್ಟು ನಿಂತಿರೋ ಬೆಟ್ಟ. ಬೇಸಿಗೇಲೂ ಅಲ್ಲಿ ಹಿಮ ಬೀಳೋ ದಿನಗಳಿವೆ. ಎರಡು ಡಿಗ್ರಿ ಚಳೀಲಿ ಗಂಟೆಗೆ 60 ಕಿಲೋಮೀಟರ್ ಗಾಳಿ ಬೀಸಿದ್ರೆ ಮೈಗೆ ಅದು ಮೈನಸ್ 6ರ ಹಾಗೆ ತಟ್ಟುತ್ತೆ. ಮಂಗಟೆಪೊಪೊ ಕಣಿವೆ ದಾಟಿದ ಮೇಲೆ ಆ ಕಡೆಯ ಇಳಿಜಾರು ಸಿಗೋವರೆಗೆ ಮರ ಇಲ್ಲ, ಪೊದೆ ಇಲ್ಲ, ಮಂಟಪ ಇಲ್ಲ, ಬೂದಿ ಮತ್ತೆ ಲಾವಾ ಕಲ್ಲು ಮಾತ್ರ. ತೊರೆ ನೀರಲ್ಲಿ ಜ್ವಾಲಾಮುಖಿಯ ಖನಿಜ ಸೇರಿರೋದ್ರಿಂದ ಕುಡಿಯೋಕಾಗಲ್ಲ. ಮೀಟರ್ ಲೆಕ್ಕದಲ್ಲಿ ಇದ್ಯಾವುದೂ ಕಾಣಲ್ಲ ನೋಡಿ.

ಇನ್ನೊಂದು, ಏಪ್ರಿಲ್‌ನ ಮೊದಲ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ. ಅಂದ್ರೆ ಸಂಜೆ ಆರರ ಆಸುಪಾಸಿಗೇ ಸೂರ್ಯ ಮುಳುಗಿಬಿಡ್ತಾನೆ. ಇವರ ಪ್ಲಾನ್ ಮಾತ್ರ ಜನವರೀಲಿ ಹೋಗಿದ್ದ ಯಾರೋ ಪರಿಚಯದವರು ಕೊಟ್ಟಿದ್ದು.

ಬೆಳಿಗ್ಗೆ

ಹವಾಮಾನದ ಮುನ್ಸೂಚನೇಲಿ ಬೆಳಿಗ್ಗೆ ಪರವಾಗಿಲ್ಲ, ಮಧ್ಯಾಹ್ನದ ಮೇಲೆ ವಾಯವ್ಯದ ಗಾಳಿ ಜೋರಾಗುತ್ತೆ, ಮೋಡ ಕೆಳಗಿಳಿಯುತ್ತೆ ಅಂತಿತ್ತು. ತಮ್ಮ ನೋಡಿದ್ದ, ಗೆಳೆಯನೂ ನೋಡಿದ್ದ. ಇಬ್ಬರೂ ಒಳಗೊಳಗೇ ಒಂದೇ ತೀರ್ಮಾನಕ್ಕೆ ಬಂದಿದ್ರು: ತೀರಾ ಕೆಟ್ಟದಿದ್ರೆ ಶಟಲ್‌ನವರೇ ಕ್ಯಾನ್ಸಲ್ ಮಾಡ್ತಾರೆ. ಶಟಲ್‌ನವರು ನಿಜವಾಗ್ಲೂ ಕೆಟ್ಟ ದಿನಗಳಲ್ಲಿ ಓಡಿಸಲ್ಲ, ಆದ್ರೆ ಇದು ನಡುವಿನ ದಿನ. ಬೇಗ ನಡೆಯೋರು ದಾಟ್ತಾರೆ, ನಿಧಾನದವರು ಸಿಕ್ಕಾಕೊಳ್ತಾರೆ ಅನ್ನೋ ಥರದ ದಿನ. ಬಸ್ ಬಂತು, ಇವರು ಅದನ್ನ ಪರ್ಮಿಷನ್ ಅಂದ್ಕೊಂಡ್ರು.

ಡ್ರೈವರ್ ಬಸ್ಸಲ್ಲೇ ಮೈಕ್ ಹಿಡ್ಕೊಂಡು ಹೇಳಿದಾನೆ, ಮಧ್ಯಾಹ್ನ 12ರ ಒಳಗೆ ರೆಡ್ ಕ್ರೇಟರ್ ದಾಟಿರಿ, ಆಗ್ಲಿಲ್ಲ ಅಂದ್ರೆ ತಿರುಗಿ ಬನ್ನಿ ಅಂತ. ಅವನ ಇಂಗ್ಲಿಷ್ ಅಕ್ಕ ಭಾವನಿಗೆ ಸರಿಯಾಗಿ ಹಿಡೀಲಿಲ್ಲ, ಏನಂದ ಅಂತ ಕೇಳಿದ್ರು, ತಮ್ಮ ಹೇಳಿದ್ದು ಇಷ್ಟೇ: "ಮಧ್ಯಾಹ್ನ ಸ್ವಲ್ಪ ಗಾಳಿ ಬರುತ್ತಂತೆ ಭಾವ." ಟೈಮ್ ಬಿಟ್ಟುಹೋಯ್ತು, ತಿರುಗಿ ಬನ್ನಿ ಅನ್ನೋದೂ ಬಿಟ್ಟುಹೋಯ್ತು. ತಮ್ಮ ಬೇಕಂತ ಬಿಟ್ಟಿದ್ದಲ್ಲ, ಬಂದ ನೆಂಟರಿಗೆ ಬೆಳಿಗ್ಗೆ ಬೆಳಿಗ್ಗೆ ಹೆದರಿಸೋದ್ಯಾಕೆ ಅಂತ ಮನಸ್ಸಲ್ಲಿ.

7.40ಕ್ಕೆ ನಡೆಯೋಕೆ ಶುರು. ಮೊದಲ ಕಣಿವೆ ಸಮತಟ್ಟು, ಮರದ ಹಲಗೆ ಹಾಸಿದ ದಾರಿ, ಬಿಸಿಲೂ ಇತ್ತು, ಫೋಟೋಗಳ ಸುರಿಮಳೆ. ಸೋಡಾ ಸ್ಪ್ರಿಂಗ್ಸ್ ತಲುಪಿದಾಗ 9.30, ಅಂದ್ರೆ ಆಗ್ಲೇ ಅರ್ಧ ಗಂಟೆ ಮೇಲೆ ತಡ. ಅಲ್ಲಿಂದ ಡೆವಿಲ್ಸ್ ಸ್ಟೇರ್‌ಕೇಸ್ ಏರು, ಅದಕ್ಕೆ ಮುಂಚೆ ಒಂದು ಬೋರ್ಡ್ ಇದೆ, ನಿಜವಾಗ್ಲೂ ತಯಾರಿದೀರಾ, ಹವಾಮಾನ, ಬಟ್ಟೆ, ಆರೋಗ್ಯ ಸರಿ ಇಲ್ಲಾಂದ್ರೆ ಇಲ್ಲಿಂದಲೇ ವಾಪಸ್ ಹೋಗಿ ಅನ್ನೋ ಅರ್ಥದ್ದು. ಅದರ ಪಕ್ಕ ನಿಂತು ಇವರು ಗ್ರೂಪ್ ಫೋಟೋ ತೆಗೆಸ್ಕೊಂಡಿದಾರೆ, ಫೋಟೋದಲ್ಲಿ ಬೋರ್ಡ್ ಚೆನ್ನಾಗೇ ಓದೋಕಾಗುತ್ತೆ.

ಏರಲ್ಲಿ ತುಂತುರು ಶುರುವಾಯ್ತು. ತಮ್ಮನ ಹೆಂಡತಿ ಹಾಕ್ಕೊಂಡಿದ್ದು ಹತ್ತಿ ಲೆಗ್ಗಿಂಗ್ಸ್, ಒಳಗೆ ಹತ್ತಿ ಟೀ ಶರ್ಟ್, ಮೇಲೆ ದಪ್ಪ ಹುಡಿ, ಅದರ ಮೇಲೆ ಸಿಟಿ ಮಳೆಗೆ ಹಾಕೋ ತೆಳು ಜಾಕೆಟ್. ಹತ್ತುವಾಗ ಒಳಗಿಂದ ಬೆವರು, ಹೊರಗಿಂದ ಮಳೆ. ಹತ್ತಿ ಒಂದು ಸಲ ನೆನೆದ್ರೆ ಒಣಗಲ್ಲ, ಮೈ ಬಿಸೀನೂ ಹೀರುತ್ತೆ.

ಮೊದಲ ತಿರುವು: ಸೌತ್ ಕ್ರೇಟರ್

11.15ಕ್ಕೆ ಸೌತ್ ಕ್ರೇಟರ್ ತಲುಪಿದ್ರು. ವಿಶಾಲವಾದ ಸಪಾಟು ಬಯಲು, ಬಲಗಡೆ ನೌರುಹೊಯಿ, ಆವತ್ತು ಅದರ ಬುಡ ಮಾತ್ರ ಕಾಣ್ತಿತ್ತು. (ಆ ಶಿಖರಗಳು ಮಾವೊರಿ ಜನಕ್ಕೆ ಪವಿತ್ರ, ತುದಿಗೆ ಹತ್ತಬೇಡಿ ಅಂತ ಕೇಳ್ಕೊಂಡಿದಾರೆ, ಆದರೂ ಕೆಲವರು ಹತ್ತೋಕೆ ನೋಡ್ತಾರೆ, ಅದು ಬೇರೆ ಜಗಳ.) ಅಲ್ಲಿ ಕೂತು ಅವಲಕ್ಕಿ ತಿಂದ್ರು, ತಮ್ಮನ ಹೆಂಡತಿ ತಿನ್ನಲಿಲ್ಲ. ನಡುಗ್ತಿದ್ಲು. ಅಕ್ಕ ಕೇಳಿದ್ರೆ "ಏನಿಲ್ಲ ಅತ್ತಿಗೆ, ನಡೆದ್ರೆ ಸರಿ ಹೋಗುತ್ತೆ" ಅಂದ್ಲು. ಆಮೇಲೆ ನನ್ನ ಹತ್ರ ಹೇಳಿದ್ದೇ ಬೇರೆ: ಆಗ್ಲೇ ವಾಪಸ್ ಹೋಗ್ಬೇಕು ಅನ್ನಿಸಿತ್ತು, ಆದ್ರೆ ಅಣ್ಣ (ಅಂದ್ರೆ ನಮ್ಮ ಕಥೆಯ ಭಾವ) ಅಷ್ಟು ದೂರದಿಂದ ಬಂದಿದಾರೆ, ನನ್ನಿಂದ ಹಾಳಾಯ್ತು ಅಂತ ಆಗ್ಬಾರ್ದು ಅಂತ.

ಗೆಳೆಯ ಆಗ ಮೆಲ್ಲಗೆ ಕೇಳಿದ, ಇಲ್ಲಿಂದ ವಾಪಸ್ ಹೋಗೋಣವಾ ಅಂತ. ಭಾವ ಕೊಟ್ಟ ಉತ್ತರ ಈ ಇಡೀ ಪ್ರಕರಣದ ತಿರುಳು: "ಮುಂದೆ ಹೋದ್ರೆ ಕಾರಿದೆ. ಹಿಂದೆ ಹೋದ್ರೆ ಏನಿದೆ? ಖಾಲಿ ಪಾರ್ಕಿಂಗ್ ಅಲ್ವಾ?"

ಯಾರ ಹತ್ರಾನೂ ಇದಕ್ಕೆ ಉತ್ತರ ಇರ್ಲಿಲ್ಲ. ಭಾವ ದಬಾಯಿಸಿದ್ದಲ್ಲ, ಅವರ ತರ್ಕ ಆ ಹೊತ್ತಿಗೆ ಗೊತ್ತಿದ್ದ ಮಟ್ಟಿಗೆ ಸರಿಯಾಗೇ ಇತ್ತು. ಹಿಂದಕ್ಕೆ ಹೋದ್ರೆ ಎರಡು ಮೂರು ಗಂಟೆ ನಡೆದು, ಮಳೇಲಿ, ಗಾಡಿ ಇಲ್ಲದ ಜಾಗದಲ್ಲಿ ನಿಂತ್ಕೋಬೇಕು. ಮುಂದೆ ಇನ್ನೊಂದು ಗಂಟೆ ಹತ್ತಿದ್ರೆ ಆಮೇಲೆ ಇಳಿಜಾರೇ. ಹೀಗೆ ಲೆಕ್ಕ ಹಾಕಿದಾಗ ಯಾರಾದ್ರೂ ಮುಂದೇನೇ ಹೋಗ್ತಾರೆ. ಕಾರನ್ನ ಎಲ್ಲಿ ನಿಲ್ಲಿಸಬೇಕು ಅಂತ ಹಿಂದಿನ ರಾತ್ರಿ ಮೋಟೆಲ್‌ನಲ್ಲಿ ತೀರ್ಮಾನ ಮಾಡಿದಾಗಲೇ ಸೌತ್ ಕ್ರೇಟರ್‌ನಲ್ಲಿ ಏನಾಗ್ಬೇಕು ಅನ್ನೋದೂ ಅರ್ಧ ತೀರ್ಮಾನ ಆಗಿಬಿಟ್ಟಿತ್ತು.

ಎರಡನೇ ತಿರುವು: ಏಣು

ಸೌತ್ ಕ್ರೇಟರ್‌ನಿಂದ ರೆಡ್ ಕ್ರೇಟರ್‌ಗೆ ಹೋಗೋದು ತೆರೆದ ಏಣಿನ ಮೇಲೆ. ಗಾಳಿ ಹೊತ್ತಿಗೆ ಸರಿಯಾಗಿ ಬಂತು, ಮುನ್ಸೂಚನೇಲಿ ಹೇಳಿದ ಹಾಗೇ. ಒಂದೊಂದು ಬೀಸಿಗೆ ಎಲ್ಲರೂ ಕುಕ್ಕರಗಾಲಲ್ಲಿ ಕೂತ್ಕೋಬೇಕಾಯ್ತು. ಮೋಡ ಮುಚ್ಚಿ ದಾರಿ ತೋರಿಸೋ ಮುಂದಿನ ಕಂಬ ಮಾತ್ರ ಕಾಣೋದು, ಅದರ ಮುಂದಿನದ್ದು ಇಲ್ಲ. ಗಂಧಕದ ವಾಸನೆ ಬರ್ತಿದೆ, ಅಂದ್ರೆ ಕ್ರೇಟರ್ ಹತ್ರ ಇದೀವಿ ಅನ್ನೋದು ಗೊತ್ತು, ಕಣ್ಣಿಗೆ ಏನೂ ಇಲ್ಲ.

12.40ರ ಹೊತ್ತಿಗೆ ತುದಿ ಇನ್ನೂ ಸ್ವಲ್ಪ ಇದೆ ಅನ್ನುವಾಗ ತಮ್ಮನ ಹೆಂಡತಿ ಕೂತುಬಿಟ್ಲು. ಗೆಳೆಯ ಹಿಂದೆ ಬರ್ತಿದ್ದ. ಅವನು ಗಮನಿಸಿದ್ದು ಅವಳ ಕೈ. ಜಾಕೆಟ್‌ನ ಜಿಪ್ ಅರ್ಧಕ್ಕೆ ಇಳಿದಿತ್ತು, ಅದನ್ನ ಎಳೆಯೋಕೆ ನೋಡ್ತಿದಾಳೆ, ಬೆರಳು ಜಿಪ್ಪಿನ ತುದಿ ಹಿಡೀತಾನೇ ಇಲ್ಲ, ಪಕ್ಕದ ಬಟ್ಟೆ ಹಿಡಿದು ಎಳೀತಿದಾಳೆ, ಅದು ಜಿಪ್ ಅಲ್ಲ ಅನ್ನೋದೂ ಅವಳಿಗೆ ಗೊತ್ತಾಗ್ತಿಲ್ಲ. ಹಾಕ್ತೀನಿ ಬಿಡು ಅಂದಿದ್ದಕ್ಕೆ "ಬೇಡ, ಸೆಖೆ" ಅಂದ ಹಾಗಿತ್ತಂತೆ, ಮಾತು ತೊದಲ್ತಿತ್ತು. ಅರ್ಧ ಗಂಟೆ ಹಿಂದೆ ಇದ್ದ ನಡುಕ ಕಮ್ಮಿ ಆಗಿತ್ತು. ತಮ್ಮ ಅದನ್ನ ನೋಡಿ ಪರವಾಗಿಲ್ಲ ಸುಧಾರಿಸ್ಕೊಂಡ್ಲು ಅಂದ್ಕೊಂಡಿದ್ದ. ಗೆಳೆಯನಿಗೆ ಗೊತ್ತಿತ್ತು, ನೆನೆದ ಮೈಯಲ್ಲಿ ಗಾಳಿಗೆ ಕೂತವರ ನಡುಕ ತಾನಾಗೇ ನಿಂತ್ರೆ ಅದು ಕೆಟ್ಟ ಸೂಚನೆ, ದೇಹ ಬಿಸಿ ಮಾಡ್ಕೊಳ್ಳೋ ಪ್ರಯತ್ನಾನೇ ಕೈಬಿಡ್ತಿದೆ ಅಂತ ಅರ್ಥ.

ಅವನು ಜೋರಾಗಿ ಹೇಳಿದ, "ಸರ್, ಇಳೀಬೇಕು. ಈಗ್ಲೇ." ಭಾವ ಒಂದು ಕ್ಷಣ ನೋಡಿ ಒಪ್ಪಿದ್ರು, ವಾದ ಮಾಡ್ಲಿಲ್ಲ. ನನ್ನ ಪ್ರಕಾರ ಈ ಹಂತದಲ್ಲಿ ಎಲ್ಲವೂ ಸರಿಯಾಗೇ ನಡೀತು: ಲಕ್ಷಣ ಗುರುತಿಸಿದ್ದು, ಹೇಳಿದ್ದು, ಹಿರಿಯರು ಒಪ್ಪಿದ್ದು.

ಕೆಟ್ಟಿದ್ದು ಅದರ ಮುಂದಿನ ಎರಡು ನಿಮಿಷದಲ್ಲಿ.

ಮೂರನೇ ತಿರುವು: ಕೀ ಕೊಡು

ಭಾವ ತಮ್ಮನಿಗೆ ಹೇಳಿದ್ರು, "ನೀವೆಲ್ಲ ಇಳೀರಿ. ಕೀ ಕೊಡು, ನಾನು ದಾಟಿ ಹೋಗಿ ಕಾರು ತಗೊಂಡು ಆ ಕಡೆ ಬರ್ತೀನಿ. ನೀವು ಇಳಿಯೋ ಹೊತ್ತಿಗೆ ನಾನಲ್ಲಿರ್ತೀನಿ." ಗೆಳೆಯ "ಒಬ್ರೇ ಬೇಡ ಸರ್" ಅಂದ. "ಹಿಮಾಲಯ ನೋಡಿದೀನಪ್ಪ, ಇದೇನು" ಅಂದ್ರು. ಅಕ್ಕ ಏನೋ ಹೇಳೋಕೆ ಹೋದ್ರು, ಗಾಳೀಲಿ ಕೇಳಿಸ್ಲಿಲ್ಲ. ತಮ್ಮ ಬ್ಯಾಗಿಂದ ಕೀ ತೆಗೆದು ಕೊಟ್ಟ.

ತಮ್ಮನ್ನ ಕೇಳ್ದೆ, ಯಾಕೆ ಕೊಟ್ಟೆ? ಅವನ ಉತ್ತರ: "ಅಕ್ಕನ ಗಂಡ. ನನಗಿಂತ ಹದಿನೈದು ವರ್ಷ ದೊಡ್ಡೋರು. ಬೆಟ್ಟದ ವಿಷಯದಲ್ಲಿ ನಾನೇನ್ ಹೇಳ್ಲಿ ಅವರಿಗೆ?" ಗೆಳೆಯನನ್ನ ಕೇಳಿದಾಗ ಅವನು ಹೇಳಿದ್ದು ಇನ್ನೂ ಯೋಚನೆಗೆ ಹಚ್ಚಿತು. ಒಂದು ಸಲ ಅಡ್ಡ ನಿಂತು ಇಡೀ ಗುಂಪನ್ನ ತಿರುಗಿಸಿದೀನಿ, ಹೊರಗಿನವನು ನಾನು, ಎರಡನೇ ಸಲ ಅಡ್ಡ ಬರೋಕೆ ಬಾಯಿ ಬರ್ಲಿಲ್ಲ ಅಂದ. ಜೊತೆಗೆ ಅವನ ಗಮನ ಪೂರ್ತಿ ಕೂತಿದ್ದವಳ ಮೇಲಿತ್ತು. ಅಪಾಯ ಒಂದೇ ಇದ್ದಾಗ ನಾವು ಅದನ್ನ ನೋಡ್ತೀವಿ, ಅದರ ಪಕ್ಕದಲ್ಲೇ ಎರಡನೇದು ಹುಟ್ಟಿದ್ರೆ ಕಣ್ಣಿಗೆ ಬೀಳಲ್ಲ.

ಭಾವನ ಫೋನಲ್ಲಿ ಇದ್ದಿದ್ದು ಇಂಡಿಯಾ ಸಿಮ್, ರೋಮಿಂಗ್ ಹಾಕ್ಸಿರ್ಲಿಲ್ಲ, ಮನೇಲಿ ವೈಫೈ ಇದ್ದಾಗ ವಾಟ್ಸಾಪ್ ಕಾಲ್ ಮಾಡೋಕೆ ಅಷ್ಟೇ. ಬ್ಯಾಗಲ್ಲಿ ತಲೆಗೆ ಕಟ್ಟೋ ಟಾರ್ಚ್ ಇಲ್ಲ, ಮ್ಯಾಪ್ ಇಲ್ಲ. ಇದನ್ನ ಯಾರೂ ಆಗ ಯೋಚಿಸ್ಲೇ ಇಲ್ಲ.

ಇಳಿದವರ ಕಥೆ

ನಾಲ್ಕು ಜನ ಸೌತ್ ಕ್ರೇಟರ್‌ಗೆ ಇಳಿದು ಒಂದು ಬಂಡೆ ಮರೆಯಲ್ಲಿ ನಿಂತ್ರು. ಗೆಳೆಯನ ಬ್ಯಾಗಲ್ಲಿದ್ದ ಒಣ ಉಲ್ಲನ್ ಥರ್ಮಲ್, ಅಕ್ಕನ ಸ್ವೆಟರ್, ತಮ್ಮನ ಟೋಪಿ ಹಾಕಿಸಿ, ಒದ್ದೆ ಬಟ್ಟೆ ಬಿಚ್ಚಿಸಿ, ಬೆಳ್ಳಿ ಕಾಗದದ ಥರ ಇರುತ್ತಲ್ಲ ಎಮರ್ಜೆನ್ಸಿ ಹೊದಿಕೆ, ಅದನ್ನ ಸುತ್ತಿದ್ರು. ಫ್ಲಾಸ್ಕಲ್ಲಿ ಸಕ್ಕರೆ ಜಾಸ್ತಿ ಹಾಕಿದ ಟೀ ಇತ್ತು, ಸ್ವಲ್ಪ ಸ್ವಲ್ಪವಾಗಿ ಕುಡಿಸಿದ್ರು, ಕಡಲೆ ಮಿಠಾಯಿ ಚೂರು ಮಾಡಿ ಬಾಯಿಗಿಟ್ರು. ಒಂದಿಷ್ಟು ಹೊತ್ತಾದ ಮೇಲೆ ಅವಳು ಗಡಗಡ ನಡುಗೋಕೆ ಶುರು ಮಾಡಿದ್ಲು. ಅಕ್ಕ ಹೆದರಿ ಅಳೋಕೇ ಶುರು ಮಾಡಿದ್ರು, ಗೆಳೆಯ ಮಾತ್ರ ನಿಟ್ಟುಸಿರು ಬಿಟ್ಟ, ನಡುಕ ವಾಪಸ್ ಬಂದಿದ್ದು ಒಳ್ಳೇದು ಅಂತ. ನಿಧಾನಕ್ಕೆ ಅವಳು ಎದ್ದು ನಡೆಯೋ ಹಾಗಾದ್ಲು.

ಅಲ್ಲಿಂದ ಸ್ವಲ್ಪ ಮುಂದೆ ಬಂದಾಗ ಸಿಗ್ನಲ್ ಸಿಕ್ತು. ಬುಕಿಂಗ್ ಇಮೇಲ್ ತೆಗೆದು ಅದರ ಕೆಳಗಿದ್ದ ಶಟಲ್‌ನವರ ನಂಬರ್‌ಗೆ ಗೆಳೆಯ ಫೋನ್ ಮಾಡಿದ. ಆ ಕಡೆಯಿಂದ ಬಂದ ಉತ್ತರ ಎರಡೇ ವಾಕ್ಯ: ಪರವಾಗಿಲ್ಲ, ಇವತ್ತು ತುಂಬಾ ಜನ ತಿರುಗಿದಾರೆ. 3.30ಕ್ಕೆ ಮಂಗಟೆಪೊಪೊಗೆ ವ್ಯಾನ್ ಬರುತ್ತೆ, ನಿಮ್ಮ ಕಾರಿನ ಹತ್ರಾನೇ ಬಿಡ್ತೀವಿ.

ಅಂದ್ರೆ ಹಿಂದೆ ಖಾಲಿ ಪಾರ್ಕಿಂಗ್ ಇರ್ಲೇ ಇಲ್ಲ. ಸೌತ್ ಕ್ರೇಟರ್‌ನಲ್ಲಿ ಎಲ್ಲರನ್ನೂ ಮುಂದಕ್ಕೆ ತಳ್ಳಿದ ಆ ಪ್ರಶ್ನೆಗೆ ಉತ್ತರ ಹಿಂದಿನ ರಾತ್ರಿಯಿಂದ ತಮ್ಮನ ಇನ್‌ಬಾಕ್ಸಲ್ಲೇ ಕೂತಿತ್ತು. ತಿರುಗಿ ಬಂದವರನ್ನ ಏನು ಮಾಡ್ತೀರಿ ಅಂತ ಬೆಳಿಗ್ಗೆ ಡ್ರೈವರ್‌ನ ಒಂದು ಮಾತು ಕೇಳಿದ್ರೂ ಸಾಕಿತ್ತು. ಸುಮಾರು 4.15ಕ್ಕೆ ಈ ನಾಲ್ಕು ಜನ ಕಾರಿನ ಪಕ್ಕ ನಿಂತಿದ್ರು. ಕೀ ಇಲ್ಲ. ಕೀ ಬೆಟ್ಟದ ಮೇಲೆ.

ದಾಟಿದವರ ಕಥೆ

ರೆಡ್ ಕ್ರೇಟರ್ ತುದಿಯಿಂದ ಎಮರಾಲ್ಡ್ ಲೇಕ್ಸ್‌ಗೆ ಇಳಿಯೋದು ಸಡಿಲ ಬೂದಿ ಜಲ್ಲಿ ಮೇಲೆ, ರಾಗಿ ರಾಶಿ ಮೇಲೆ ಕಾಲಿಟ್ಟ ಹಾಗೆ, ಒಂದು ಹೆಜ್ಜೆ ಇಟ್ರೆ ಎರಡು ಹೆಜ್ಜೆ ಜಾರುತ್ತೆ. ಭಾವ ಅಲ್ಲಿ ಬಿದ್ದು ಮಂಡಿ ತಿರುಚಿಕೊಂಡ್ರು. ನಡೆಯೋಕಾಗ್ತಿತ್ತು, ಬೇಗ ಆಗ್ತಿರ್ಲಿಲ್ಲ. ಫೋಟೋದಲ್ಲಿ ಹಸಿರು ನೀಲಿ ಹೊಳೆಯೋ ಆ ಕೆರೆಗಳು (ಮೇಲಿನ ಕ್ರೇಟರಿಂದ ಕರಗಿ ಬರೋ ಖನಿಜಕ್ಕೆ ಆ ಬಣ್ಣ) ಆವತ್ತು ಮಂಜಲ್ಲಿ ಬರೀ ಬೂದು.

ಆ ಕೆರೆಗಳ ಹತ್ರ ದಾರಿ ಕವಲೊಡೆಯುತ್ತೆ. ಒಂದು ಕೆಟೆಟಾಹಿ ಕಡೆ, ಇನ್ನೊಂದು ಓಟುರೆರೆ ಕಣಿವೆಗೆ, ಹಲವು ದಿನ ನಡೆಯೋ ನಾರ್ದರ್ನ್ ಸರ್ಕ್ಯೂಟ್‌ನವರು ಹೋಗೋ ದಾರಿ. ಬೋರ್ಡ್ ಇದೆ, ಮಂಜಲ್ಲಿ ತಲೆ ಬಗ್ಗಿಸಿಕೊಂಡು ಕುಂಟ್ತಾ ಇದ್ದ ಭಾವನಿಗೆ ಅದು ಕಾಣ್ಲಿಲ್ಲ. ಇಳಿಜಾರು ಇತ್ತು, ಕಂಬಗಳಿದ್ವು, ಇದೇ ಅಂದ್ಕೊಂಡು ಓಟುರೆರೆ ಕಡೆ ಇಳಿದ್ರು. ಜೊತೆಗೆ ಇನ್ನೊಂದು ಜೊತೆ ಕಣ್ಣಿದ್ದಿದ್ರೆ ಹೀಗಾಗ್ತಿತ್ತಾ ಗೊತ್ತಿಲ್ಲ, ಒಬ್ಬರೇ ಇದ್ದಾಗ ಮಾತ್ರ ಹೋದದ್ದೇ ದಾರಿ. ಬಹಳ ಹೊತ್ತಿನ ಮೇಲೆ ದೊಡ್ಡ ದೊಡ್ಡ ಬ್ಯಾಗ್ ಹೊತ್ತಿದ್ದ ಇಬ್ಬರು ಹಿಂದಿಂದ ಬಂದು, ನೀವೂ ಓಟುರೆರೆ ಹಟ್‌ಗಾ (ಚಾರಣಿಗರು ರಾತ್ರಿ ಉಳಿಯೋ ಮನೆ) ಅಂತ ಕೇಳಿದಾಗ್ಲೇ ದಾರಿ ತಪ್ಪಿದ್ದು ಗೊತ್ತಾಗಿದ್ದು. ನಮ್ಮ ಜೊತೆ ಹಟ್‌ಗೇ ಬನ್ನಿ, ಅಲ್ಲಿ ಬೆಚ್ಚಗಿರುತ್ತೆ ಅಂತ ಅವರು ಕರೆದ್ರಂತೆ. ಹೋಗಿದ್ರೆ ಭಾವ ಸುರಕ್ಷಿತವಾಗಿರ್ತಿದ್ರು, ಕೆಳಗಿನವರಿಗೆ ಮಾತ್ರ ಸುದ್ದಿ ಮುಟ್ತಿರ್ಲಿಲ್ಲ. "ಅವರೆಲ್ಲ ಆ ಕಡೆ ಮಳೇಲಿ ನಿಂತಿರ್ತಾರೆ, ಕಾರು ನಾನೇ ತರ್ಬೇಕು" ಅನ್ನೋದೊಂದೇ ತಲೇಲಿ. ತಿರುಗಿ ಹತ್ತಿದ್ರು.

ಬ್ಲೂ ಲೇಕ್ ಹತ್ರ ಹಸಿವಾಗಿತ್ತು, ಆ ಕೆರೆ ತಪು, ಅಂದ್ರೆ ಮಾವೊರಿ ಜನಕ್ಕೆ ಪವಿತ್ರ, ಅದರ ಪಕ್ಕ ತಿನ್ನಬಾರ್ದು ನೀರು ಮುಟ್ಟಬಾರ್ದು ಅಂತ ತಮ್ಮ ಹಿಂದಿನ ದಿನ ಹೇಳಿದ್ದು ನೆನಪಿತ್ತು, ದಾಟಿ ಹೋಗಿ ಆಮೇಲೆ ಕೂತು ಮಿಠಾಯಿ ತಿಂದ್ರಂತೆ. ಆ ಪರಿಸ್ಥಿತೀಲೂ ಅದನ್ನ ಪಾಲಿಸಿದ್ದು ನನಗೆ ಇಷ್ಟ ಆಯ್ತು. ಅಲ್ಲಿಂದ ಮುಂದೆ ಹುಲ್ಲಿನ ಇಳಿಜಾರು, ಅಂಕುಡೊಂಕು ದಾರಿ. ಅದೇ ಕಡೆ ತೆ ಮಾರಿ ಅನ್ನೋ ಕುಳಿಗಳಿವೆ, 2012ರ ಆಗಸ್ಟ್ 6ರ ರಾತ್ರಿ ಮತ್ತೆ ನವೆಂಬರ್ 21ಕ್ಕೆ ಸಿಡಿದಿದ್ದು ಅವೇ. ಆಗಸ್ಟಿನ ಸಿಡಿತದಲ್ಲಿ ಎಸೆದ ಕಲ್ಲು ಕೆಟೆಟಾಹಿ ಹಟ್‌ನ ಛಾವಣಿ ತೂತು ಮಾಡಿತ್ತು, ರಾತ್ರಿಯಾಗಿದ್ದಕ್ಕೆ, ಚಳಿಗಾಲವಾಗಿದ್ದಕ್ಕೆ ಜನ ಉಳಿದ್ರು. ಕೊನೇ ಭಾಗ ದಟ್ಟ ಕಾಡು, ಅಲ್ಲೊಂದು ಜಾಗದಲ್ಲಿ ಕೆಸರುಪ್ರವಾಹದ ಅಪಾಯ, ನಿಲ್ಲಬೇಡಿ ಅಂತ ಬೋರ್ಡ್ ಇದೆ. ಭಾವ ಅಲ್ಲಿಗೆ ಬಂದಾಗ ಪೂರ್ತಿ ಕತ್ತಲು, ಫೋನಿನ ಟಾರ್ಚ್, ಬ್ಯಾಟರಿ ಕೊನೇ ಉಸಿರು.

111

ಇತ್ತ ಕಾರಿನ ಹತ್ರ ಐದೂವರೆವರೆಗೂ ಬರ್ತಾರೆ ಬರ್ತಾರೆ ಅಂತ ಕಾದ್ರು. ಆಮೇಲೆ ಇಳಿದು ಬರೋರನ್ನೆಲ್ಲ ಕೇಳಿದ್ರು, ಯಾರೂ ನೋಡಿಲ್ಲ. 6.30ಕ್ಕೆ ತಮ್ಮ ಅಲ್ಲಿನ ತುರ್ತು ನಂಬರ್ 111ಕ್ಕೆ ಫೋನ್ ಮಾಡಿದ. ನ್ಯೂಜಿಲೆಂಡ್‌ನಲ್ಲಿ ಗುಡ್ಡಗಾಡಲ್ಲಿ ಕಳೆದುಹೋದವರ ಹುಡುಕಾಟ ಪೊಲೀಸರ ಹೊಣೆ, ಅವರು ಸ್ಥಳೀಯ ಸ್ವಯಂಸೇವಕರ ತಂಡಗಳನ್ನ ಕರೀತಾರೆ, ಹುಡುಕಿಸಿದ್ದಕ್ಕೆ ಅಂತ ಬಿಲ್ ಕಳಿಸಲ್ಲ. ದುಡ್ಡಿನ ಭಯಕ್ಕೆ ಫೋನ್ ಮಾಡೋಕೆ ಹಿಂಜರಿಯೋ ನಮ್ಮವರು ಇದನ್ನ ಗಮನಿಸಿ.

ಪೊಲೀಸ್ ಕೇಳಿದ ಪ್ರಶ್ನೆಗಳು ತಮ್ಮನಿಗೆ ಇವತ್ತಿಗೂ ಬಾಯಿಪಾಠ. ಜಾಕೆಟ್ ಯಾವ ಬಣ್ಣ? ತಮ್ಮ ನೀಲಿ ಅಂದ, ಅಕ್ಕ ಕಪ್ಪು ಅಂದ್ರು. ಕೊನೇ ಸಲ ನೋಡಿದ್ದು ಎಷ್ಟು ಗಂಟೆಗೆ, ಎಲ್ಲಿ? ಊಟ, ನೀರು ಎಷ್ಟಿದೆ? ಮಾತ್ರೆ ತಗೊಳ್ತಾರಾ? ಬಿಪಿ ಮಾತ್ರೆ, ಅದು ಅಕ್ಕನ ಬ್ಯಾಗಲ್ಲಿದೆ. ಟಾರ್ಚ್? ಗೊತ್ತಿಲ್ಲ. ಉಪಗ್ರಹದ ಮೂಲಕ ಸಹಾಯ ಕೇಳೋ ಬೀಕನ್? ಇಲ್ಲ. ಬೆಳಿಗ್ಗೆ ಬೋರ್ಡ್ ಪಕ್ಕ ತೆಗೆಸ್ಕೊಂಡಿದ್ದ ಫೋಟೋ ತೆಗೆದು ನೋಡಿದಾಗ ಜಾಕೆಟ್ ಕಡುಹಸಿರು.

ತಂಡ ತಯಾರಾಗ್ತಿದೆ ಅಂತ ಪೊಲೀಸರು ವಾಪಸ್ ಫೋನ್ ಮಾಡಿದ ಸ್ವಲ್ಪ ಹೊತ್ತಿಗೆ, 7.50ರ ಸುಮಾರಿಗೆ, ಭಾವ ಕುಂಟ್ತಾ ಬಂದ್ರು. ಎಲ್ಲರನ್ನೂ ಅಲ್ಲೇ ನೋಡಿ ಅವರು ಮೊದಲು ಕೇಳಿದ್ದು, "ನೀವು ಇಲ್ಲಿ ಹೆಂಗೆ ಬಂದ್ರಿ?" ತಮ್ಮ ಪೊಲೀಸರಿಗೆ ತಕ್ಷಣ ಫೋನ್ ಮಾಡಿ ಹುಡುಕಾಟ ನಿಲ್ಲಿಸಿದ. ಮರುದಿನ ಡಾಕ್ಟರ್ ಹತ್ರ ಹೋದ್ರು, ಮಂಡಿ ಉಳುಕು, ಮೂಳೆಗೆ ಏನೂ ಆಗಿರ್ಲಿಲ್ಲ. ಟೂರಿಸ್ಟ್ ಆದ್ರೂ ಅಪಘಾತದ ಗಾಯದ ಚಿಕಿತ್ಸೆಗೆ ಅಲ್ಲಿನ ಎಸಿಸಿ ಯೋಜನೆ ಖರ್ಚಿನ ಒಂದು ಭಾಗ ಕೊಡುತ್ತೆ, ಅದೂ ಸಿಕ್ತು. ಕಾಯಿಲೆಗೆ ಸಿಗಲ್ಲ, ಅದಕ್ಕೆ ಇನ್ಶೂರೆನ್ಸೇ ಬೇಕು.

ಇದರಿಂದ ಏನು ತಗೋಬಹುದು

ಜನ ಈ ಕಥೆ ಕೇಳಿದ ಕೂಡ್ಲೇ ಹತ್ತಿ ಬಟ್ಟೆ ಬಗ್ಗೆ ಮಾತಾಡ್ತಾರೆ. ಬಟ್ಟೆ ಮುಖ್ಯಾನೇ, ಲೆಗ್ಗಿಂಗ್ಸ್ ಬದಲು ಉಲ್ಲನ್ ಅಥವಾ ಸಿಂಥೆಟಿಕ್ ಇದ್ದು ಮೇಲೆ ಸರಿಯಾದ ರೇನ್‌ಕೋಟ್ ಇದ್ದಿದ್ರೆ ಅವಳಿಗೆ ಅಷ್ಟು ಆಗ್ತಿರ್ಲಿಲ್ಲ. ಆದ್ರೆ ಬಟ್ಟೆ ತಂದ ಸಮಸ್ಯೇನ ಗುಂಪು ಏಣಿನ ಮೇಲೆ ಹಿಡೀತು, ಸರಿಯಾಗಿ ನಿಭಾಯಿಸ್ತು. ರಾತ್ರಿ ಪೊಲೀಸರವರೆಗೆ ಹೋಗಿದ್ದು ಕಾರಿನಿಂದ. ಕಾರು ಮುಂದಿದ್ದಿದ್ದಕ್ಕೆ ಸೌತ್ ಕ್ರೇಟರ್‌ನಿಂದ ತಿರುಗ್ಲಿಲ್ಲ, ಕಾರು ಮುಂದಿದ್ದಿದ್ದಕ್ಕೆ ಗುಂಪು ಒಡೀತು, ಕಾರಿಗೋಸ್ಕರಾನೇ ಭಾವ ಹಟ್ ಬಿಟ್ಟು ಕತ್ತಲಲ್ಲಿ ನಡೆದ್ರು. ಕೆಟೆಟಾಹೀಲಿ ಕಾರು ಬಿಡೋದು ತಪ್ಪು ಅಂತ ನಾನು ಹೇಳ್ತಿಲ್ಲ, ಎಲ್ಲರೂ ಹಾಗೇ ಮಾಡೋದು. ತಿರುಗಿ ಬಂದ್ರೆ ಯಾರಿಗೆ ಫೋನ್ ಮಾಡ್ಬೇಕು, ಕೊನೇ ವ್ಯಾನ್ ಎಷ್ಟಕ್ಕೆ ಅನ್ನೋದನ್ನ ಬಸ್ ಹತ್ತೋಕೆ ಮುಂಚೆ ಕೇಳಿ ಐದೂ ಜನರ ಫೋನಲ್ಲಿ ಹಾಕ್ಕೊಂಡಿದ್ರೆ ಭಾವನ ಪ್ರಶ್ನೆಗೆ ಅಲ್ಲೇ ಉತ್ತರ ಸಿಗ್ತಿತ್ತು, ಮತ್ತೆ ಅವರು ಒಪ್ತಿದ್ರು ಕೂಡ, ಯಾಕಂದ್ರೆ ಏಣಿನ ಮೇಲೆ ಕಾರಣ ಕಂಡಾಗ ಒಪ್ಪಿದಾರಲ್ಲ.

ಎರಡನೇದು, ಯಾರು ಬೇಡ ಅನ್ಬಹುದು ಅನ್ನೋದು. ನಮ್ಮ ಮನೆಗಳಲ್ಲಿ ಹಿರಿಯರ ಮಾತಿಗೆ ಬೆಲೆ ಇದೆ, ಇರ್ಲಿ. ಅದಕ್ಕೇ ಈ ಗುಂಪಿನವರು ಈಗ ಒಂದು ಪದ್ಧತಿ ಮಾಡ್ಕೊಂಡಿದಾರೆ, ಹಿಂದಿನ ರಾತ್ರಿ ಎಲ್ಲರೂ ಕೂತು ಒಂದು ಜಾಗ ಒಂದು ಟೈಮ್ ಬರೀತಾರೆ, "11ಕ್ಕೆ ಸೌತ್ ಕ್ರೇಟರ್ ಬಿಡ್ಲಿಲ್ಲ ಅಂದ್ರೆ ವಾಪಸ್" ಅಂತ. ಆಗ ಬೆಟ್ಟದ ಮೇಲೆ ತಮ್ಮ ಭಾವನಿಗೆ ಎದುರು ಮಾತಾಡ್ಬೇಕಾಗಿಲ್ಲ, ಗಡಿಯಾರ ತೋರಿಸಿದ್ರೆ ಆಯ್ತು. ಈ ಪದ್ಧತಿ ಹೇಳಿದ್ದು ಯಾರು ಅಂದ್ರೆ ಭಾವಾನೇ.

ಗುಂಪು ಒಡೆಯೋ ವಿಷಯಕ್ಕೆ ನನ್ನ ಅಭಿಪ್ರಾಯ ಸ್ವಲ್ಪ ಕಟುವಾಗಿದೆ. ಒಡೀಲೇಬಾರ್ದು ಅಂತ ಎಲ್ಲರೂ ಹೇಳ್ತಾರೆ, ನಿಜ ಪರಿಸ್ಥಿತೀಲಿ ಕೆಲವು ಸಲ ಒಡೀಬೇಕಾಗುತ್ತೆ. ಹಾಗೆ ಒಡೆಯೋದಾದ್ರೆ ಹೋಗೋರ ಹತ್ರ ಟಾರ್ಚ್, ಕೆಲಸ ಮಾಡೋ ಫೋನ್, ಅವರ ಮಾತ್ರೆ ಇದೆಯಾ ಅಂತ ನಿಂತು ನೋಡಿ, ಎಷ್ಟು ಗಂಟೆಗೆ ಬರ್ಲಿಲ್ಲ ಅಂದ್ರೆ ಫೋನ್ ಮಾಡ್ತೀವಿ ಅಂತ ಹೇಳಿ, ಒಂದು ಫೋಟೋ ತೆಗೆದು ಕಳಿಸಿ. ಇದಕ್ಕೆ ಎರಡು ನಿಮಿಷ ಬೇಕು. ಆವತ್ತು ಆ ಎರಡು ನಿಮಿಷ ಕೀ ಹುಡುಕೋದ್ರಲ್ಲಿ ಹೋಯ್ತು. ಬೀಕನ್ ಬಾಡಿಗೆಗೆ ಸಿಗುತ್ತೆ, ಫೋನ್ ಸಿಗ್ನಲ್ ಇಲ್ಲದ ಕಡೆ ಅದು ಕೆಲಸಕ್ಕೆ ಬರುತ್ತೆ.

ಮುಂದಿನ ವರ್ಷ ಫೆಬ್ರವರೀಲಿ ಅಕ್ಕ ಭಾವ ಮತ್ತೆ ಬಂದಾಗ ಇದೇ ಐದು ಜನ ಇದೇ ದಾರಿಗೆ ಬುಕ್ ಮಾಡಿದ್ರು. ಹಿಂದಿನ ಸಂಜೆ ಮುನ್ಸೂಚನೇಲಿ ಮತ್ತೆ ಅಂಥದ್ದೇ ನಡುವಿನ ದಿನ ಬಂತು, ಶಟಲ್‌ನವರು ಓಡಿಸ್ತೀವಿ ಅಂದ್ರು, ಇವರೇ ಬೇಡ ಅಂತ ಮುಂದಕ್ಕೆ ಹಾಕಿದ್ರು. ಆ ದಿನ ವಕಪಾಪ ಹಳ್ಳಿಯಿಂದ ತರನಾಕಿ ಫಾಲ್ಸ್‌ಗೆ ಹೋದ್ರು, ಆರು ಕಿಲೋಮೀಟರ್ ಸುತ್ತು, ಎರಡು ಗಂಟೆ, ಶುರುವಾದಲ್ಲಿಗೇ ಬಂದು ಮುಗಿಯುತ್ತೆ. ಎರಡು ದಿನ ಬಿಟ್ಟು ಆಕಾಶ ತೆರೆದಾಗ ನಾಲ್ಕು ಜನ ದಾಟಿದ್ರು. ಅಕ್ಕ ಮಾತ್ರ ಮಂಡಿ ನೋಡ್ಕೊಂಡು ಬರಲ್ಲ ಅಂದ್ಬಿಟ್ರು, ಬಸ್ ಬುಕ್ ಮಾಡೋಕೆ ಮುಂಚೇನೇ.